ಹವಳದ ತೊಟ್ಟಿಗೆ ಕಲ್ಲು ಕಟ್ಟಿದವರು ದಯವಿಟ್ಟು ಹೇಳಿ

ಮುಲುಂಡಿನಿಂದ ಪ್ರಶ್ನೆ:

ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಗಾಜಿನ ತೊಟ್ಟಿ ಬಂದು ಹಜಾರದಲ್ಲಿ ಕೂತು ಹದಿನೈದು ದಿನವಾಯಿತು. ಉಪ್ಪುನೀರಿನದು. ಮೊದಲು ಒಂದು ಜೋಡಿ ಕ್ಲೌನ್ ಮೀನು, ಎಲ್ಲ ಸರಿಹೋದರೆ ಮುಂದೆ ಮೃದು ಹವಳ ಎಂಬ ಆಸೆ. ಹದಿನೆಂಟು ಕಿಲೋ ಒಣ ರೀಫ್ ಕಲ್ಲು ತಂದಿದ್ದೇನೆ. ಚಿತ್ರಗಳಲ್ಲಿ ಕಮಾನು, ಗುಹೆ, ಮುಂದಕ್ಕೆ ಚಾಚಿದ ಜಗಲಿ ಎಲ್ಲ ಇರುತ್ತದೆ. ನಾನು ಜೋಡಿಸಿದರೆ ಮಾತ್ರ ರಸ್ತೆ ಬದಿಯ ಜಲ್ಲಿ ರಾಶಿ. ಅಂಟು ಹಾಕಬೇಕೆ, ಸಿಮೆಂಟು ಹಾಕಬೇಕೆ? ಮುಂದಿನ ತಿಂಗಳು ಕುಮಟಾಕ್ಕೆ ಹೋಗುವವನಿದ್ದೇನೆ, ಅಲ್ಲಿಂದ ನಾಲ್ಕು ಕಲ್ಲು ತರಬಹುದೆ? ಇನ್ನೊಂದು: ಮನೆ ಮೂರನೆಯ ಮಹಡಿ, ಕಟ್ಟಡ ಹಳೆಯದು. ನೆಲ ತಡೆಯುತ್ತದೆಯೇ ಎಂದು ಮನೆಯಾಕೆ ದಿನಕ್ಕೆರಡು ಸಲ ಕೇಳುತ್ತಾಳೆ.

ಡೊಂಬಿವಲಿಯಿಂದ:

ರಾಶಿಯಾಗುವುದಕ್ಕೆ ಕಾರಣ ನೀವು ತೊಟ್ಟಿಯೊಳಗೆ ಕೈ ಇಳಿಬಿಟ್ಟು ಕಟ್ಟುತ್ತಿರುವುದು. ಎಲ್ಲವನ್ನೂ ಹೊರಗೆ ತೆಗೆಯಿರಿ. ಒಂದು ದೊಡ್ಡ ರಟ್ಟನ್ನು 90 ಸೆಂಟಿಮೀಟರ್ ಉದ್ದ, 45 ಅಗಲಕ್ಕೆ ಕತ್ತರಿಸಿ ನೆಲಕ್ಕೆ ಹಾಸಿ. ನಾಲ್ಕೂ ಕಡೆ 10 ಸೆಂಟಿಮೀಟರ್ ಬಿಟ್ಟು ಗೆರೆ ಎಳೆಯಿರಿ. ಗಾಜು ಉಜ್ಜುವ ಅಯಸ್ಕಾಂತ ಓಡಾಡಲು, ಕಲ್ಲಿನ ಹಿಂದೆ ನೀರು ಹರಿಯಲು ಅಷ್ಟು ಜಾಗ ಬೇಕು. ಆಗ ಕಲ್ಲಿಗೆ ಉಳಿಯುವ ಅಗಲ 25 ಸೆಂಟಿಮೀಟರ್ ಮಾತ್ರ. ಆ ಗೆರೆ ನೋಡಿದಾಗಲೇ ಹದಿನೆಂಟು ಕಿಲೋ ಹೆಚ್ಚಾಯಿತೆಂದು ನಿಮಗೆ ಗೊತ್ತಾಗುತ್ತದೆ. ಲೀಟರಿಗೆ ನೂರಿಪ್ಪತ್ತು ಗ್ರಾಂ ಎಂಬ ಹಳೆಯ ಲೆಕ್ಕ ಹಿಡಿದು ಅಂಗಡಿಯವರು ಮಾರುತ್ತಾರೆ. ಹನ್ನೊಂದು, ಹನ್ನೆರಡು ಕಿಲೋ ಧಾರಾಳ. ಉಳಿದದ್ದನ್ನು ಪುಡಿ ಮಾಡಿ ಸಂದಿಗೆ ತುಂಬಲು ಇಟ್ಟುಕೊಳ್ಳಿ.

ಇನ್ನು ಕಟ್ಟುವ ಕ್ರಮ. ಊರಿನಲ್ಲಿ ಅಜ್ಜಿ ಅಂಗಳದಲ್ಲಿ ಭತ್ತ ಬೇಯಿಸಲು ಒಲೆ ಹೂಡುತ್ತಿದ್ದುದು ಮೂರು ಕಲ್ಲಿನಿಂದ. ನಾಲ್ಕನೆಯದು ಇಟ್ಟರೆ ಹಂಡೆ ಆಡುತ್ತದೆ. ಇಲ್ಲಿಯೂ ಅದೇ: ಪ್ರತಿ ಕಲ್ಲೂ ಕೆಳಗಿನದರ ಮೇಲೆ ಮೂರು ಕಡೆ ಕೂರಬೇಕು. ತಿರುಗಿಸಿ ತಿರುಗಿಸಿ ನೋಡಿ. ಕೂತಾಗ ಒಂದು ಸಣ್ಣ ಸದ್ದಾಗುತ್ತದೆ, ಕೈಗೆ ತಿಳಿಯುತ್ತದೆ. ಅಂಟಿಲ್ಲದೆ ಇಡೀ ಗುಡ್ಡ ನಿಂತ ಮೇಲೆಯೇ ಅಂಟಿನ ಡಬ್ಬಿ ತೆರೆಯಿರಿ. ಅಂಟು ನಿಲ್ಲಿಸುವುದಕ್ಕಲ್ಲ, ನಿಂತದ್ದು ಜಾರದಿರುವುದಕ್ಕೆ. ಮನೆಯವರು ಪೂರ್ತಿ ಗಟ್ಟಿಯಾಗಿದೆ ಎಂದರೂ ನಂಬಬೇಡಿ. ಸುಣ್ಣದ ಅಂಶದ ಗಟ್ಟಿ ಕಲ್ಲು ಹತ್ತು ಕಿಲೋ ಇದ್ದರೆ ಸಮುದ್ರದ ನೀರಿನಲ್ಲಿ ಆರು ಕಿಲೋ ಚಿಲ್ಲರೆಯಷ್ಟೇ ತೂಗುತ್ತದೆ. ನೆಲದ ಮೇಲೆ ಭಾರದಿಂದ ಬಿಗಿದು ನಿಂತದ್ದು ನೀರಿನಲ್ಲಿ ಅಷ್ಟು ಬಿಗಿ ಇರುವುದಿಲ್ಲ, ಪಂಪಿನ ಹರಿವು ಬೇರೆ ತಳ್ಳುತ್ತಿರುತ್ತದೆ.

ನನ್ನ ಮೊದಲ ತೊಟ್ಟಿಯಲ್ಲಿ ಮರಳು ಹಾಸಿ ಅದರ ಮೇಲೆ ಕಲ್ಲು ಇಟ್ಟೆ. ನೋಡಲು ಚೆಂದವಿತ್ತು. ಆಮೇಲೆ ಒಂದು ಗೋಬಿ ಮೀನು ತಂದೆ, ಬೆರಳುದ್ದದ್ದು. ಅದು ದಿನವಿಡೀ ಒಂದೇ ಕೆಲಸ: ಬಾಯಿ ತುಂಬ ಮರಳು ಹಿಡಿಯುವುದು, ಎರಡು ಗೇಣು ದೂರ ಹೋಗಿ ಉಗುಳುವುದು, ಮರಳಿ ಬರುವುದು. ಬಾವಿ ತೋಡುವ ಕೂಲಿಯಂತೆ. ನಾನು ಕುರ್ಚಿ ಹಾಕಿಕೊಂಡು ಮೆಚ್ಚಿ ನೋಡುತ್ತಿದ್ದೆ. ಎಂಟನೆಯ ದಿನ ರಾತ್ರಿ ಎರಡೂವರೆಗೆ ಧಡ್ ಎಂಬ ಸದ್ದು. ಎದ್ದು ದೀಪ ಹಾಕಿದರೆ ಮೇಲಿನ ಕಲ್ಲು ಮುಂದಿನ ಗಾಜಿಗೆ ಒರಗಿ ನಿಂತಿದೆ, ಗಾಜಿನ ಮೇಲೆ ಉದ್ದ ಗೀರು, ಗೋಬಿ ಇನ್ನೊಂದು ಬಾಯಿ ಮರಳು ಒಯ್ಯುತ್ತಿದೆ. ಆದ್ದರಿಂದ ಅಡಿಪಾಯದ ಕಲ್ಲು ಗಾಜಿನ ತಳದ ಮೇಲೆಯೇ ಕೂರಲಿ, ಮರಳು ಆಮೇಲೆ ಸುತ್ತ ಸುರಿಯಿರಿ. ಗಾಜು ನೇರ ತಾಗುವುದು ಭಯವಾದರೆ ದೀಪಕ್ಕೆ ಮುಚ್ಚುವ ಚೌಕುಳಿ ಪ್ಲಾಸ್ಟಿಕ್ ಜಾಲರಿ ಕೆಳಗೆ ಹಾಕಬಹುದು. ನಾನು ಹಾಕುವುದಿಲ್ಲ, ಮರಳು ಸರಿದಾಗ ಅದು ಹಲ್ಲು ತೋರಿಸುತ್ತದೆ.

ಅಂಟಿನ ವಿಷಯ: ಜೆಲ್ ರೂಪದ ಸೂಪರ್ ಗ್ಲೂ, ಅದರ ಮೇಲೆ ಅಕ್ವೇರಿಯಮ್ ಎಪಾಕ್ಸಿ ಪುಟ್ಟಿ, ಮತ್ತೆ ಜೆಲ್. ಮಸಾಲೆ ದೋಸೆಯೊಳಗೆ ಪಲ್ಯದಂತೆ ಪುಟ್ಟಿ ನಡುವೆ ಇರಲಿ. ಸಂದಿ ಸಣ್ಣದಿದ್ದರೆ ತೆಳು ಗ್ಲೂ ಸುರಿದು ಮೇಲೆ ಒಣ ಮರಳು ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಆಗ ಬಿಸಿಯಾಗುತ್ತದೆ, ಹೊಗೆ ಏಳುತ್ತದೆ. ಕಿಟಕಿ ತೆರೆದಿರಲಿ, ಮುಖ ಮೇಲೆ ಬಗ್ಗಿಸಬೇಡಿ. ಚಾಚು ಬೇಕೇಬೇಕೆಂದರೆ ಸುತ್ತಿಗೆ ಹೊಡೆತ ಬಂದ್ ಮಾಡಿದ ಡ್ರಿಲ್‌ನಿಂದ ತೂತು ಹಾಕಿ ಅಕ್ರಿಲಿಕ್ ಅಥವಾ ಫೈಬರ್‌ಗ್ಲಾಸ್ ಕಡ್ಡಿ ಸೇರಿಸಿ. ಕಬ್ಬಿಣದ ಕಂಬಿ ಬೇಡ, ತುಕ್ಕು. ತಾಮ್ರದ ತಂತಿ ಅಂತೂ ಹತ್ತಿರ ತರಲೇಬೇಡಿ, ಸೀಗಡಿ, ಹವಳಗಳಿಗೆ ವಿಷ.

ಗೋರೆಗಾಂವ್‌ನಿಂದ:

ಕುಮಟಾದ ಕಲ್ಲಿನ ಬಗ್ಗೆ. ನಮ್ಮೂರಿನ ಮುರಕಲ್ಲು ಮನೆ ಕಟ್ಟಲು ಚಿನ್ನ, ತೊಟ್ಟಿಗೆ ಬೇಡ. ಅದರಲ್ಲಿ ಕಬ್ಬಿಣದ ಅಂಶ ತುಂಬ. ಮುಂಬಯಿಯ ಕರಿಕಲ್ಲು ರಾಸಾಯನಿಕವಾಗಿ ತಂಟೆ ಮಾಡದಿದ್ದರೂ ತೂತಿಲ್ಲದ ಗುಂಡು; ಬ್ಯಾಕ್ಟೀರಿಯಾ ಒಳಗೆ ಸೇರಿ ಮೀನಿನ ಹೊಲಸಿನಿಂದ ಬರುವ ವಿಷ ಅಮೋನಿಯಾ ತಿನ್ನಲು ಬೇಕಾದ ಸಣ್ಣ ಸಣ್ಣ ಕೋಣೆಗಳು ಅದರಲ್ಲಿ ಇಲ್ಲ. ಕಲ್ಲು ಸುಣ್ಣದ್ದೋ ಅಲ್ಲವೋ ತಿಳಿಯಲು ವಿನಿಗರ್ ಹನಿಸಿ, ನೊರೆ ಬಂದರೆ ಸುಣ್ಣದ್ದು.

ಕಡಲ ತೀರದ ಹವಳದ ತುಂಡನ್ನು ಮಾತ್ರ ಸತ್ತಿದ್ದರೂ ಎತ್ತಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂಡೆ ಕಟ್ಟುವ ಹವಳಗಳಿಗೆ ಹುಲಿಗಿರುವಂಥ ರಕ್ಷಣೆ ಇದೆ. ಕೋಸ್ಟಲ್ ರೋಡ್ ಕಟ್ಟುವಾಗ ವರಳಿ, ಹಾಜಿ ಅಲಿ ಬಳಿಯ ಹವಳಗಳನ್ನು 2020ರಲ್ಲಿ ಅನುಮತಿ ಪಡೆದು ಕೊಲಾಬಾದ ಕಡೆಗೆ ಸಾಗಿಸಬೇಕಾಯಿತು. ಸರಕಾರವೇ ಅಷ್ಟು ಕಾಗದ ಓಡಿಸಿದ ಮೇಲೆ ನಾವು ಚೀಲದಲ್ಲಿ ಹಾಕಿಕೊಂಡು ರೈಲು ಹತ್ತುವುದು ಹೇಗೆ? ಮುಂದೆ ಹವಳ ಕೊಳ್ಳುವಾಗಲೂ ಎಲ್ಲಿಂದ ಬಂತೆಂದು ಅಂಗಡಿಯಲ್ಲಿ ಕಾಗದ ಕೇಳಿ. ತಡಬಡಾಯಿಸಿದರೆ ಹೊರಟುಬನ್ನಿ.

ಥಾಣೆಯಿಂದ:

ಸಿಮೆಂಟು ಮಾಡಿ ನೋಡಿದವನು ನಾನು. ಬಿಳಿ ಸಿಮೆಂಟು, ಪುಡಿ ಮಾಡಿದ ಮರುವಾಯಿ ಚಿಪ್ಪು, ತೂತು ಬೀಳಲೆಂದು ಕಲ್ಲುಪ್ಪು ಕಲಸಿ ಒದ್ದೆ ಮರಳಿನ ಗುಂಡಿಯಲ್ಲಿ ಅಚ್ಚು ಹಾಕಿದೆ. ಉಪ್ಪು ಕರಗಿ ನಿಜಕ್ಕೂ ತೂತಾಗುತ್ತದೆ. ಆದರೆ ಸಿಮೆಂಟಿನ ಸುಣ್ಣ ಬಿಡುತ್ತ ನೀರಿನ ಪಿಎಚ್ ಏರಿಸುತ್ತಲೇ ಇರುತ್ತದೆ. ಬಚ್ಚಲಲ್ಲಿ ಡ್ರಮ್ಮು ಇಟ್ಟು ಏಳು ವಾರ ನೀರು ಬದಲಿಸಿದೆ. ಚಿಪ್ಪಿನ ಖರ್ಚಿಲ್ಲ, ವಾರವಾರವೂ ಮರುವಾಯಿ ಪುಂಡಿ ತಿನ್ನುವ ಮನೆ ನಮ್ಮದು. ಆದರೂ ಮುಂಬಯಿಯ ಬಚ್ಚಲು ಏಳು ವಾರ ಬಿಟ್ಟುಕೊಡುವ ಸಂಸಾರ ಎಲ್ಲರಿಗೂ ಇರುವುದಿಲ್ಲ. ನಿಮ್ಮ ಬಳಿ ಕಲ್ಲು ಇದೆಯಲ್ಲ, ಈ ಗೋಜು ಬೇಡ.

ಕಲ್ಲು ನಿಂತ ತಕ್ಷಣ ಮೀನು ಬಿಡಬೇಡಿ ಎಂಬುದನ್ನೂ ಸೇರಿಸುತ್ತೇನೆ. ಒಣ ಕಲ್ಲು ಬರೀ ಕಲ್ಲು. ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗುವಷ್ಟು ಬ್ಯಾಕ್ಟೀರಿಯಾ ನೆಲೆಸಲು ನಾಲ್ಕರಿಂದ ಆರು ವಾರ. ಸಮುದ್ರದಿಂದ ಜೀವಿಗಳ ಸಮೇತ ಬರುವ ಜೀವಂತ ಕಲ್ಲಿಗಿಂತ ನಿಧಾನ, ಆದರೆ ಅದರ ಜೊತೆ ಬರುವ ಐಪ್ಟಾಸಿಯಾ ಎಂಬ ಕುಟುಕುವ ಕಳೆಜೀವಿ, ಮುಳ್ಳುಹುಳು ಇವುಗಳ ಕಾಟವಿಲ್ಲ.

ಮಾಟುಂಗಾದಿಂದ:

ನೆಲದ ಲೆಕ್ಕ ಹೀಗೆ. 182 ಲೀಟರ್ ನೀರು, 8 ಮಿಲಿಮೀಟರ್ ಗಾಜು ಸುಮಾರು 32 ಕಿಲೋ, ಕಲ್ಲು, ಮರಳು, ಮೇಜು, ಕೆಳಗಿನ ಶೋಧಕ ತೊಟ್ಟಿ ಎಲ್ಲ ಸೇರಿ 300 ಕಿಲೋ ದಾಟಬಹುದು. ವಾಸದ ಕೋಣೆಗೆ ಭಾರತೀಯ ಮಾನಕದ ಲೆಕ್ಕ ಚದರ ಮೀಟರಿಗೆ ಸುಮಾರು 200 ಕಿಲೋ. ಹಾಗೆಂದು ಗಾಬರಿ ಬೇಡ, ಆ ಲೆಕ್ಕ ಇಡೀ ಕೋಣೆಯ ಮೇಲೆ ಹರಡಿದ್ದು. ತೊಲೆಯ ಮೇಲೆ, ಗೋಡೆಗೆ ತಾಗಿಸಿ ಇಡಿ. ಕೋಣೆಯ ನಡುವೆ ಬೇಡ, ಚಾಚಿದ ಬಾಲ್ಕನಿಯಲ್ಲಿ ಖಂಡಿತ ಬೇಡ. ಹಳೆಯ ಕಟ್ಟಡ ಎಂದಿದ್ದೀರಿ. ಸೊಸೈಟಿಯಲ್ಲಿ ರಚನಾ ಪರಿಶೀಲನೆಯ ವರದಿ ಇದ್ದರೆ ಓದಿ, ಇಲ್ಲವಾದರೆ ಒಬ್ಬ ಎಂಜಿನಿಯರ್‌ಗೆ ತೋರಿಸಿ. ನಿಮ್ಮ ಮನೆಯಾಕೆ ಕೇಳುತ್ತಿರುವುದು ಸರಿಯಾದ ಪ್ರಶ್ನೆ.

ಪುಣೆಯಿಂದ:

ಡೊಂಬಿವಲಿಯವರ ಮಾತಿಗೆ ಒಂದು ತಕರಾರು. ಎಲ್ಲವನ್ನೂ ಒಂದೇ ಮುದ್ದೆಯಾಗಿ ಅಂಟಿಸಿ ನಾನು ಕೆಟ್ಟೆ. ಒಂದು ಡ್ಯಾಮ್ಸೆಲ್ ಮೀನು ಉಳಿದವರನ್ನೆಲ್ಲ ಕಚ್ಚಿ ಓಡಿಸುತ್ತಿತ್ತು. ಹಿಡಿಯಲು ಹೋದರೆ ಕೋಟೆಯೊಳಗೆ ಹೊಕ್ಕು ಕೂರುತ್ತಿತ್ತು. ಕಲ್ಲು ಎತ್ತುವಂತಿಲ್ಲ, ಒಡೆಯುವಂತಿಲ್ಲ. ಕೊನೆಗೆ ಮುಕ್ಕಾಲು ನೀರು ತೆಗೆದು ಹಿಡಿದದ್ದು. ಎರಡು ಗುಡ್ಡ ಮಾಡಿ, ಒಂದು ದೊಡ್ಡದು ಒಂದು ಚಿಕ್ಕದು, ನಡುವೆ ಮರಳಿನ ಓಣಿ. ಪ್ರತಿಯೊಂದೂ ಒಬ್ಬನ ಎರಡು ಕೈಗೆ ಎತ್ತುವಂತಿರಲಿ. ತೊಟ್ಟಿಯ ಮೇಲ್ಭಾಗದ ಅಡ್ಡಪಟ್ಟಿಯ ನಡುವೆ ಗುಡ್ಡ ತೂರುತ್ತದೆಯೇ ಎಂದು ಅಂಟಿಸುವ ಮೊದಲೇ ಅಳೆಯಿರಿ.

ಡೊಂಬಿವಲಿಯಿಂದ ಮತ್ತೆ:

ಒಪ್ಪಿದೆ. ಅಡ್ಡಪಟ್ಟಿಯ ಮಾತು ನನಗೆ ಹೊಳೆದಿರಲಿಲ್ಲ.

ಮುಲುಂಡಿನಿಂದ:

ಎಲ್ಲರಿಗೂ ವಂದನೆ. ತೊಟ್ಟಿ ಕಿಟಕಿಯ ಪಕ್ಕದಿಂದ ತೊಲೆಯಿರುವ ಗೋಡೆಗೆ ಸರಿಯಿತು, ಎಂಜಿನಿಯರ್ ಶನಿವಾರ ಬರುತ್ತಾರೆ. ಕುಮಟಾದಿಂದ ಅಪ್ಪೆಮಿಡಿ ಮಾತ್ರ ತರುತ್ತೇನೆ. ಹಜಾರದಲ್ಲಿ ರಟ್ಟು ಹಾಸಿ ನಾಲ್ಕು ದಿನವಾಯಿತು, ಎಲ್ಲರೂ ಅದನ್ನು ಸುತ್ತಿ ಬಳಸಿ ಅಡುಗೆಮನೆಗೆ ಹೋಗುತ್ತಿದ್ದೇವೆ. ಮಗಳಿಗೆ ಸೌಟಿನಿಂದ ತಳ್ಳಿ ಪರೀಕ್ಷಿಸುವ ಕೆಲಸ ಕೊಟ್ಟಿದ್ದೇನೆ, ಅವಳು ದಯೆ ತೋರಿಸುವುದಿಲ್ಲ. ದೊಡ್ಡ ಗುಡ್ಡ ನಿನ್ನೆ ಅಂಟಿಲ್ಲದೆ ನಿಂತಿತು, ಹತ್ತೂವರೆ ಕಿಲೋದಲ್ಲಿ ಎರಡೂ ಮುಗಿಯುವ ಹಾಗಿದೆ. ಚಿಕ್ಕದು ಇನ್ನೂ ಆಡುತ್ತಿದೆ. ಇಂದು ರಾತ್ರಿ ಊಟವಾದ ಮೇಲೆ ಅದನ್ನು ಮತ್ತೆ ಬಿಚ್ಚುತ್ತೇನೆ.