ಮಗನ ಲೆಕ್ಕದಲ್ಲಿ ಅಮ್ಮನ ಕೈ ಎಲ್ಲಿವರೆಗೆ?

ಹಿತ್ತಲಗಿಡ (ದಾವಣಗೆರೆ):
ಮಗ ಹತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನಾನು ಹೈಸ್ಕೂಲಿನವರೆಗೆ ಕನ್ನಡದಲ್ಲೇ ಓದಿದವಳು. ದಿನಾ ರಾತ್ರಿ ಊಟ ಆದಮೇಲೆ ಅವನ ಜೊತೆ ಕೂರ್ತೀನಿ. ನಿನ್ನೆ ಬೆಳಕಿನ ಪಾಠ. ಪೀನ ಮಸೂರ (ನಡುವೆ ಉಬ್ಬಿದ ಲೆನ್ಸ್), ಸಂಗಮದೂರ (ಫೋಕಲ್ ಲೆಂತ್) 10 ಸೆಂ.ಮೀ., ವಸ್ತು 15 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಸೂತ್ರವೇನೋ ಬಾಯಿಪಾಠ. "ಒನ್ ಬೈ ವಿ ಮೈನಸ್ ಒನ್ ಬೈ ಯು" ಅಂತ ರಾಗವಾಗಿ ಹೇಳ್ತಾನೆ. ಆದರೆ ಯು, ಅಂದ್ರೆ ವಸ್ತುವಿನ ದೂರದ ಜಾಗಕ್ಕೆ ಬರೀ 15 ಹಾಕಿದ, ಉತ್ತರ 6 ಬಂತು. "ಮೈನಸ್ ಎಲ್ಲೋ" ಅಂದೆ. ಅಳಿಸಿ ಮೈನಸ್ ಹಾಕಿದ, 30 ಬಂತು, ಪುಸ್ತಕ ಮುಚ್ಚಿದ. ಇವತ್ತು ಅದೇ ಥರದ ಇನ್ನೊಂದು ಲೆಕ್ಕ, ಮತ್ತೆ ಅದೇ ತಪ್ಪು. ಯಜಮಾನರು "ಪರೀಕ್ಷೆಗೂ ನೀನೇ ಹೋಗಿ ಕೂತ್ಕೋ" ಅಂತ ನಗ್ತಾರೆ. ಪೂರ್ತಿ ಮಾಡಿ ತೋರಿಸಬೇಕಾ, ಒದ್ದಾಡಲಿ ಅಂತ ಬಿಡಬೇಕಾ?

ರಾತ್ರಿಪಾಳಿ (ಬೆಂಗಳೂರು):
ಪೂರ್ತಿ ಮಾಡಿ ತೋರಿಸಿ, ಯೋಚನೆನೇ ಬೇಡ. ಎಸ್‌ಎಸ್‌ಎಲ್‌ಸಿಯಲ್ಲಿ 80 ಅಂಕದ ಪೇಪರು, ಹಂತ ಹಂತಕ್ಕೂ ಅಂಕ ಇದೆ. ಒಂದೇ ಥರದ ಹತ್ತು ಲೆಕ್ಕ ಮಾಡಿಸಿ, ಕೈ ತಾನಾಗಿ ಮೈನಸ್ ಹಾಕುತ್ತೆ. ಸೈಕಲ್ ಕಲಿಯೋ ಮಗುಗೆ ಯಾರಾದ್ರೂ ಭೌತಶಾಸ್ತ್ರ ಹೇಳ್ತಾರಾ? ಅರ್ಥ ಆಮೇಲೆ ಆಗುತ್ತೆ. ನನಗೆ ಆಗಿದ್ದೂ ಇಂಜಿನಿಯರಿಂಗ್ ಮುಗಿದ ಮೇಲೇನೇ.

ಸುಣ್ಣದಕಡ್ಡಿ (ತುಮಕೂರು ಕಡೆ, ಹೈಸ್ಕೂಲ್ ವಿಜ್ಞಾನ):
ಅಮ್ಮಾ, "ಮೈನಸ್ ಎಲ್ಲೋ" ಅಂದಾಗಲೇ ನೀವು ಉತ್ತರ ಕೊಟ್ಟುಬಿಟ್ರಿ. ಅವನು ಕಲಿತದ್ದು ಒಂದೇ: ಅಮ್ಮನ ಮುಖ ಗಂಟಿಕ್ಕಿದ್ರೆ ಚಿಹ್ನೆ ಬದಲಾಯಿಸಬೇಕು.

ಸೂತ್ರ ಮುಟ್ಟೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: "ಪ್ರತಿಬಿಂಬ ಎಲ್ಲಿ ಬೀಳಬಹುದು?" ವಸ್ತು ಇರೋದು 10ಕ್ಕೂ 20ಕ್ಕೂ ನಡುವೆ, ಅಂದ್ರೆ ಸಂಗಮಕ್ಕೂ ಅದರ ಎರಡರಷ್ಟು ದೂರಕ್ಕೂ ಮಧ್ಯೆ. ಎರಡೇ ಕಿರಣ ಎಳೀಲಿ. ಒಂದು ಅಕ್ಷಕ್ಕೆ ಸಮಾಂತರವಾಗಿ ಹೋಗಿ, ಮಸೂರ ದಾಟಿ, ಆಚೆ ಸಂಗಮದ ಮೂಲಕ ಹಾಯೋದು. ಇನ್ನೊಂದು ಮಸೂರದ ಮಧ್ಯದಲ್ಲಿ ನೇರವಾಗಿ ತೂರೋದು. ಎರಡೂ ಸೇರೋದು ಆ ಕಡೆ 20ರ ಆಚೆಗೇ. 6 ಅಂತ ಬಂದ ತಕ್ಷಣ ಅವನಿಗೇ ಅನುಮಾನ ಬರಬೇಕು, ಯಾಕಂದ್ರೆ 6 ಸಂಗಮಕ್ಕಿಂತ ಈಚೆಗಾಯ್ತು. ಎದುರಿಗಿಟ್ಟ ವಸ್ತುವಿನ ಬಿಂಬವನ್ನ ಪೀನ ಮಸೂರ ಆಚೆ ಕಡೆ ಅಷ್ಟು ಹತ್ತಿರ ಬೀಳಿಸೋದೇ ಇಲ್ಲ. ಇನ್ನು ಮೈನಸ್ ಯಾಕೆ? ಮಸೂರದಿಂದ ಅಳೀತಾ ಹೋದ್ರೆ ವಸ್ತು ಬೆಳಕು ಸಾಗೋ ದಿಕ್ಕಿಗೆ ಎದುರು ಕಡೆ ಸಿಗುತ್ತೆ. ಅಷ್ಟೇ ವಿಷಯ.

ಇಷ್ಟೆಲ್ಲ ಹೇಳ್ತೀನಿ ನಿಜ, ಆದರೆ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ನಾನೂ "ಚಿಹ್ನೆ ನೋಡ್ಕೋಳ್ರೋ" ಅಂತ ಕಿರುಚಿ ಮುಂದೆ ಹೋಗಿರ್ತೀನಿ.

ರಾತ್ರಿಪಾಳಿ:
ಮೇಷ್ಟ್ರೇ, ಚಿತ್ರ ಬಿಡಿಸ್ತಾ ಕೂತ್ರೆ ಪೇಪರ್ ಮುಗಿಯುತ್ತಾ? ನಮ್ಮ ಕಾಲದಲ್ಲಿ "ಆ ಕಡೆ ಹೋದ್ರೆ ಚಿಹ್ನೆ ಬದಲಾಗುತ್ತೆ" ಅಂತ ಒಂದು ಸಾಲು ಹೇಳ್ಕೊಟ್ರು, ಅದರಲ್ಲೇ ಜೀವನ ಸಾಗಿದೆ.

ಸುಣ್ಣದಕಡ್ಡಿ:
ಆ ಸಾಲಿನ ಕಥೆ ಕೇಳಿ. 3 ಎಕ್ಸ್ = 12, ಎಕ್ಸ್ ಎಷ್ಟು? ನಮ್ಮ ಹುಡುಗ 3ನ್ನ ಆ ಕಡೆ ಕಳಿಸಿದ, ಚಿಹ್ನೆ ಬದಲಾಯಿಸಿದ, 12ರಲ್ಲಿ 3 ಕಳೆದು 9 ಅಂತ ಬರೆದ. ಯಾಕಪ್ಪಾ ಅಂದ್ರೆ "ಮನೇಲಿ ಹಂಗೇ ಹೇಳವ್ರೆ ಸಾ". ಆ 9ನ್ನ ವಾಪಸ್ ಎಕ್ಸ್ ಜಾಗದಲ್ಲಿ ಇಟ್ಟು ನೋಡು ಅಂದೆ. ಮೂರೊಂಬತ್ತಲಿ ಇಪ್ಪತ್ತೇಳು. ಆಗ ಬಾಯಿ ಬಿಟ್ಟ. ನಮ್ಮ ಪುಸ್ತಕದಲ್ಲಿ ಇದಕ್ಕೆ ಪಕ್ಷಾಂತರ ಅಂತಲೇ ಹೆಸರು. ಪಕ್ಷಾಂತರ ಮಾಡಿದವರ ಚಿಹ್ನೆ ಬದಲಾಗೋದು ವಿಧಾನಸಭೆಯಲ್ಲಿ ಗ್ಯಾರಂಟಿ, ಗಣಿತದಲ್ಲಿ ಅದಕ್ಕೆ ಕಾರಣ ಬೇಕು. ಎರಡೂ ಕಡೆ ಒಂದೇ ಕೆಲಸ ಮಾಡ್ತಿದ್ದೀವಿ, ಇಲ್ಲಿ 3ರಿಂದ ಭಾಗಿಸ್ತಿದ್ದೀವಿ ಅನ್ನೋದು ಗೊತ್ತಿರಬೇಕು.

ಕಾಫಿಪುಡಿ (ಶಿವಮೊಗ್ಗ, ಮನೆಯಲ್ಲೇ ಟ್ಯೂಷನ್):
ಇಬ್ಬರದ್ದೂ ಅರ್ಧರ್ಧ ಒಪ್ತೀನಿ. ಏನೂ ಗೊತ್ತಿಲ್ಲದ ಮಗುನ "ನೀನೇ ಯೋಚಿಸು" ಅಂತ ಕೂರಿಸೋದು ಶಿಕ್ಷೆ. ಅದು ಯೋಚಿಸಲ್ಲ, ಫ್ಯಾನ್ ನೋಡ್ತಾ ಕೂರುತ್ತೆ. ನಾನು ಮೊದಲ ಲೆಕ್ಕ ಪೂರ್ತಿ ಮಾಡ್ತೀನಿ, ಬಾಯಲ್ಲಿ ಹೇಳ್ತಾ. ಎರಡನೇದರಲ್ಲಿ ಕೊನೇ ಎರಡು ಸಾಲು ಬಿಡ್ತೀನಿ. ಮೂರನೇದರಲ್ಲಿ ದತ್ತಾಂಶ ಮಾತ್ರ ಬರೆದು ಪೆನ್ನು ಅವರ ಕೈಗೆ. ನಾಲ್ಕನೇದು ಹೊತ್ತಿಗೆ ನಾನು ಅಡುಗೆಮನೆಗೆ ಹೋಗಿರ್ತೀನಿ. ಹೋಗಲೇಬೇಕು, ಎದುರಿಗೆ ಕೂತಿದ್ರೆ ನನ್ನ ಹುಬ್ಬು ನೋಡೇ ಉತ್ತರ ತಿದ್ದುತ್ವೆ.

ತಪ್ಪು ಬಂದಾಗ ನಾನು ಅಳಿಸೋಕೆ ಬಿಡಲ್ಲ. ಹೋದ ವಾರ ಒಬ್ಬಳು ಹೈಡ್ರೋಜನ್, ಆಕ್ಸಿಜನ್ ಸೇರಿ ನೀರಾಗೋ ಸಮೀಕರಣ ಸರಿದೂಗಿಸ್ತಿದ್ಲು. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದು. ನೀರಿನ ಸೂತ್ರದಲ್ಲೇ ಓ ಕೆಳಗೆ ಒಂದು ಪುಟ್ಟ 2 ಸಿಕ್ಕಿಸಿದ್ಲು. ಲೆಕ್ಕ ಸರಿಯಾಯ್ತು, ನೀರು ಹೋಗಿ ಹೈಡ್ರೋಜನ್ ಪೆರಾಕ್ಸೈಡ್ ಆಯ್ತು. "ಮೆಡಿಕಲ್ ಶಾಪಲ್ಲಿ ಗಾಯ ತೊಳೆಯೋಕೆ ಕೊಡ್ತಾರಲ್ಲ, ಅದೇ ಇದು. ಬಾಯಾರಿಕೆಗೆ ಕುಡೀತೀಯಾ?" ಅಂದೆ. ಸೂತ್ರ ಮುಟ್ಟಬಾರದು, ಮುಂದೆ ಬರೋ ಸಂಖ್ಯೆ ಮಾತ್ರ ಬದಲಾಯಿಸಬೇಕು ಅನ್ನೋದು ಇನ್ನು ಅವಳಿಗೆ ಮರೆಯಲ್ಲ.

ಗಿರ್ಮಿಟ್ (ಹುಬ್ಬಳ್ಳಿ):
ನಮ್ಮಪ್ಪ ಸಾಲಿ ಕಲ್ತದ್ದು ನಾಕನೇತ್ತ. ದಿನಾ ಸಂಜಿಕ ಬಾಜೂಕ ಕುಂತು "ಇದ್ಯಾಕ ಹಿಂಗಾತು, ನನಗ ತಿಳಿಯೂ ಹಂಗ ಹೇಳ್ ನೋಡೂನು" ಅಂತಿದ್ರು. ಅವರಿಗೆ ಹೇಳಾಕ ಹ್ವಾದ್ರ ನನ್ನ ತಪ್ಪು ನನಗ ಸಿಗತಿತ್ತು. ಅವರಿಗೆ ಉತ್ತರ ಗೊತ್ತಿರಲಿಲ್ಲ, ಅದಽ ಛಲೋ ಆತು.

ಅಕ್ಕಾರ, ಮಸೂರಕ್ಕ ಒಂದು ಕೆಲಸ ಮಾಡ್ರಿ. ಮನ್ಯಾಗ ಅಜ್ಜಾರ ಓದೂ ಚಸ್ಮಾ ಐತೇನು? ಹಗಲಾಗ ಖೋಲಿ ಕತ್ತಲ ಮಾಡಿ, ಒಂದಽ ಕಿಡಕಿ ತಗದು, ಎದುರಿನ ಗ್ವಾಡಿ ಹತ್ರ ಆ ಚಸ್ಮಾ ಹಿಡೀರಿ. ಹಿಂದಕ ಮುಂದಕ ಸರಸ್ರಿ. ಹೊರಗಿನ ಗಿಡ ತಲಿಕೆಳಗಾಗಿ ಗ್ವಾಡಿ ಮ್ಯಾಲೆ ಮೂಡತೈತಿ. ಚಸ್ಮಾದಿಂದ ಗ್ವಾಡಿಗೆ ಎಷ್ಟು ದೂರ ಅಳೀರಿ, ಅದಽ ಸಂಗಮದೂರ. ನಂಬರ್ ಎರಡೂವರಿ ಇದ್ರ 40 ಸೆಂ.ಮೀ. ಹತ್ರ ಬರಬೇಕು, ನೂರನ್ನ ಎರಡೂವರಿಲೆ ಭಾಗಿಸ್ರಿ.

ಸೆಕೆಂಡ್ ಪಿಯು:
ನಾನು ಓದ್ತಾ ಇರೋನು, ಹಂಗಾಗಿ ಹೇಳ್ತೀನಿ. ಈಗ ಯಾರೂ ಅಮ್ಮನ್ನ ಕೇಳಲ್ಲ, ಫೋಟೋ ಹೊಡೆದ್ರೆ ಆ್ಯಪ್ ಎಲ್ಲಾ ಸ್ಟೆಪ್ ಕೊಡುತ್ತೆ. ನಾನೂ ಒಂದು ವರ್ಷ ಹಂಗೇ ಮಾಡ್ದೆ. ನೋಡುವಾಗ ಎಲ್ಲಾ ಗೊತ್ತಾದಂಗೆ ಇರುತ್ತೆ. ಟೆಸ್ಟಲ್ಲಿ ಖಾಲಿ ಹಾಳೆ ಎದುರು ಮೊದಲನೇ ಸಾಲೇ ಹೊಳೆಯಲ್ಲ. ಈಗ ನಾನೇ ಮಾಡಿ, ಆಮೇಲೆ ಫೋಟೋ ಹೊಡೆದು, ಎಲ್ಲಿ ದಾರಿ ತಪ್ಪಿದೆ ಅಂತ ಮಾತ್ರ ನೋಡ್ತೀನಿ.

ಇನ್ನೊಂದು. ಹತ್ತನೇವರೆಗೆ ಕನ್ನಡ ಮೀಡಿಯಂ ನಾನು. ಜವ ಬೇರೆ, ವೇಗ ಬೇರೆ ಅಂತ ಕಲಿತಿದ್ದೆ. ಪಿಯುಗೆ ಬಂದು ಸ್ಪೀಡ್, ವೆಲಾಸಿಟಿ ಅಂದಾಗ ಹೊಸ ಪಾಠ ಅಂದ್ಕೊಂಡು ಎರಡು ವಾರ ಹೆದರಿದ್ದೆ. ಆಂಟಿ, ನಿಮ್ಮ ಕನ್ನಡ ಪದ ಬಿಡಬೇಡಿ, ಎರಡೂ ಹೇಳಿ.

ಹಳೇಪುಸ್ತಕ (ಮೈಸೂರು):
ನಮ್ಮ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಮೊಮ್ಮಗಳಿಗೆ ಎಲ್‌ಸಿಎಂ ಆಗಿದೆ. ಭಿನ್ನರಾಶಿ ಕೂಡೋಕೆ ಇದನ್ನ ಬಳಸೋ ಕ್ರಮವನ್ನ 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು 'ನಿರುದ್ಧ' ಅನ್ನೋ ಹೆಸರಿನಲ್ಲಿ ಹೇಳಿದ್ದಾರೆ. ಹೆಸರು ಮೂರಾದರೂ ಲೆಕ್ಕ ಒಂದೇ ಅಂತ ಅವಳಿಗೆ ಹೇಳಿದೆ. "ಆ ತಾತನಿಂದಾನೇ ನನಗೆ ಇಷ್ಟು ಹೋಂವರ್ಕ್" ಅಂದಳು.

ರಾತ್ರಿಪಾಳಿ:
ಸರಿ, ಕಾಫಿಪುಡಿಯವರ ನಾಲ್ಕು ಲೆಕ್ಕದ ಕ್ರಮ ಒಪ್ಪಿದೆ. ಆದರೂ ಫೆಬ್ರವರಿಯಲ್ಲಿ ನೀವೆಲ್ಲ ಹತ್ತು ಲೆಕ್ಕ ಉಜ್ಜಿಸೋರೇ, ನೋಡ್ತಾ ಇರಿ.

ಸುಣ್ಣದಕಡ್ಡಿ:
ಫೆಬ್ರವರಿಯಲ್ಲಿ ಉಜ್ಜಿಸ್ತೀವಿ ಸ್ವಾಮಿ, ಇಲ್ಲ ಅಂದವರ್ಯಾರು. ಜೂನ್‌ನಿಂದಲೇ ಉಜ್ಜಬೇಡಿ ಅಂದೆ.

ಹಿತ್ತಲಗಿಡ:
ಎಲ್ಲರಿಗೂ ಉತ್ತರ ಕೊಡೋಕೆ ಆಗ್ಲಿಲ್ಲ, ಕ್ಷಮಿಸಿ. ಭಾನುವಾರ ಮಾವನವರ ಕನ್ನಡಕದಲ್ಲಿ ಎದುರುಮನೆ ತೆಂಗಿನಮರ ಗೋಡೆ ಮೇಲೆ ತಲೆಕೆಳಗಾಗಿ ಬಂತು. ಮಗನಿಗಿಂತ ಮಾವನಿಗೇ ಜಾಸ್ತಿ ಖುಷಿ, ಕನ್ನಡಕ ಇಲ್ಲದೆ ಅವರಿಗೆ ಅದು ಸರಿಯಾಗಿ ಕಾಣ್ತಿರಲಿಲ್ಲ ಪಾಪ.

ರಾತ್ರಿ ಮಸೂರದ ಲೆಕ್ಕದಲ್ಲಿ ಮೊದಲು ಚಿತ್ರ ಬರೆದ, "20ರ ಆಚೆ ಬರಬೇಕಮ್ಮ" ಅಂದ, 30 ಬಂತು. ನಾನು ಬಾಯಿ ಬಿಡಲಿಲ್ಲ. ಮುಂದಿನ ಲೆಕ್ಕ ನಿಮ್ನ ದರ್ಪಣ (ಒಳಬಾಗಿದ ಕನ್ನಡಿ), ಅವೇ ಸಂಖ್ಯೆಗಳು. ದರ್ಪಣಕ್ಕೆ ಮಸೂರದ ಸೂತ್ರವನ್ನೇ ಹಾಕಿದ್ದಾನೆ. ಮತ್ತೆ ಅದೇ 6, ಈ ಸಲ ಮೈನಸ್ ಸಮೇತ. ನಾನು ಏನೂ ಹೇಳದೆ ಪಾತ್ರೆ ತೊಳೆಯೋಕೆ ಎದ್ದು ಬಂದೆ. ಒಳಗಿಂದ "ಇದು ತಪ್ಪು, ಆದ್ರೆ ಯಾಕೆ ಅಂತ ಗೊತ್ತಾಗ್ತಿಲ್ಲ" ಅಂತ ಗೊಣಗೋದು ಕೇಳಿಸ್ತಿದೆ. ಕೈ ಒರೆಸಿಕೊಂಡು ಇದನ್ನ ಬರೀತಿದ್ದೀನಿ, ಇನ್ನೂ ಕೂತಿದ್ದಾನೆ.