ಸಹಾಯ ಬೇಕು: ಓದಿದರೆ ಅರ್ಥವಾಗುತ್ತೆ, ಕೇಳಿದರೆ ಆಗಲ್ಲ

ಸ್ಪೀಚ್ ಥೆರಪಿ ಮಾಡುವವರು ಸ್ವಲ್ಪ ನೋಡಿ. ಒಬ್ಬ ರೋಗಿಗೆ ಮೆದುಳಿನ ಎಡ ಟೆಂಪೊರಲ್ ಲೋಬ್‌ನ (ಕಿವಿಯ ಪಕ್ಕದ ಭಾಗ) ಹಿಂಭಾಗದಲ್ಲಿ ಸ್ಟ್ರೋಕ್ ಆಗಿ ಆರು ವಾರ, ವರ್ನಿಕೆ ಅಫೇಸಿಯಾ, ಅಂದರೆ ಕೇಳಿದ ಮಾತು ಅರ್ಥವಾಗದ ತೊಂದರೆ. ಮಾತು ಸರಾಗ, ಆದರೆ ಅರ್ಧಕ್ಕರ್ಧ ಅರ್ಥವಿಲ್ಲದ ಪದಗಳು. ಆಡಿಯೋಗ್ರಾಂ (ಕಿವಿ ಕೇಳಿಸುವ ಪರೀಕ್ಷೆ) ನಾರ್ಮಲ್.

ನಾಲ್ಕು ಚಿತ್ರ ಇಟ್ಟು ಒಂದು ಪದ ಹೇಳಿದರೆ 20ಕ್ಕೆ 9 ಸರಿ. ಅದೇ ಪದ ಚೀಟಿಯಲ್ಲಿ ಬರೆದು ತೋರಿಸಿದರೆ 17. ತಪ್ಪಿದ 11ರಲ್ಲಿ 8 ಸದ್ದಿನ ಎಡವಟ್ಟು: ‘ಬಳೆ’ ಅಂದರೆ ಮಳೆಯ ಚಿತ್ರ, ‘ಹಲ್ಲು’ ಅಂದರೆ ಕಲ್ಲು. ಉಳಿದ 3 ಅರ್ಥದ್ದು, ಬಾಚಣಿಗೆಗೆ ಕನ್ನಡಿ ಥರ. ಗಂಟೆ, ನಾಯಿ ಬೊಗಳುವ ಸದ್ದು ಸರಿಯಾಗೇ ಗುರುತಿಸ್ತಾರೆ. ಬರೀ ಮಾತಿನ ಕಿವುಡು (ಕೇಳಿದ ಮಾತು ಮಾತ್ರ ತಿಳಿಯದೆ, ತಾವು ಮಾತಾಡೋದು, ಬರೆಯೋದು ಸರಿಯಿರುವ ಸ್ಥಿತಿ) ಅನ್ನೋಣ ಅಂದರೆ ಇವರ ಮಾತು, ಬರವಣಿಗೆ ಎರಡೂ ಕೆಟ್ಟಿವೆ.

‘ಎದ್ದು ನಿಲ್ಲಿ’, ‘ಕಣ್ಣು ಮುಚ್ಚಿ’ ಅಂದರೆ ಮಾಡ್ತಾರೆ, ಹಾಗಾಗಿ ಎಲ್ಲ ಅರ್ಥವಾಗುತ್ತೆ ಅಂತ ಮನೆಯವರ ವಾದ. ಈ ಅಫೇಸಿಯಾದಲ್ಲಿ ಇಂಥ ಸೂಚನೆ ಪಾಲಿಸೋದು ಎಷ್ಟೋ ಸಲ ಉಳಿದಿರುತ್ತೆ, ಅದಕ್ಕೇ ಲೆಕ್ಕಕ್ಕೆ ಹಿಡಿದಿಲ್ಲ. ಹೌದು-ಅಲ್ಲ ಪ್ರಶ್ನೆನೂ ಬಿಟ್ಟಾಯ್ತು. ಎಲ್ಲದಕ್ಕೂ ತಲೆ ಆಡಿಸ್ತಾರೆ.

ಮೂರು ವಾರ ಮಾತು, ಚೀಟಿ ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದ್ದು: 18 ಸರಿ. ಚೀಟಿ ತೆಗೆದ ಕೂಡಲೇ ಮತ್ತೆ 9, 10. ತುಟಿ ನೋಡಿ ಅಂದರೂ ಬಳೆ-ಮಳೆಗೆ ಉಪಯೋಗವಿಲ್ಲ, ಎರಡಕ್ಕೂ ತುಟಿ ಮುಚ್ಚೋದು ಒಂದೇ ಥರ.

ಸಿಕ್ಕಿಹಾಕಿಕೊಂಡಿರೋದು ಇಲ್ಲಿ. ಮೊದಲು ಮಾತು, 3 ಸೆಕೆಂಡ್ ಬಿಟ್ಟು ಚೀಟಿ, ಆಮೇಲೆ 5 ಸೆಕೆಂಡ್, ಹೀಗೆ ಚೀಟಿಯನ್ನ ತಡಮಾಡ್ತಾ ಹೋಗೋದಾ? ಇಲ್ಲ ಚೀಟಿ ಪೂರ್ತಿ ಬದಿಗಿಟ್ಟು, ಮನೆ-ಕುದುರೆಯಂಥ, ಸದ್ದು ಹೋಲದ ಜೋಡಿಗಳಿಂದ ಶುರು ಮಾಡಿ ಬಳೆ-ಮಳೆಗೆ ಬರೋದಾ? ಇಂಥವರಲ್ಲಿ ನೀವು ಯಾವುದನ್ನ ಮೊದಲು ಮಾಡ್ತೀರಿ, 20ಕ್ಕೆ ಎಷ್ಟು ಸರಿಯಾದ ಮೇಲೆ ಮುಂದಿನ ಹಂತಕ್ಕೆ ಹೋಗ್ತೀರಿ?