ತಾಯಿ ಮೀನು ಸತ್ತಿದೆ, ಕರಟದೊಳಗೆ ಮೊಟ್ಟೆಗಳಿವೆ. ಏನು ಮಾಡಲಿ?

ಪ್ರಶ್ನೆ (ಮಂಗಳವಾರ)

ನನ್ನ ಅಪಿಸ್ಟೋಗ್ರಾಮಾ ಕಕಟುವಾಯ್ಡಿಸ್ ಎಂಬ ಪುಟ್ಟ ಅಕ್ವೇರಿಯಂ ಮೀನಿನ ಜೋಡಿಯ ಹೆಣ್ಣು ಇವತ್ತು ಬೆಳಗ್ಗೆ ಟ್ಯಾಂಕಿನ ಹಿಂದೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಫಿಲ್ಟರ್ ಪೈಪಿಗೆಂದು ಮುಚ್ಚಳದಲ್ಲಿ ಬಿಟ್ಟಿದ್ದ ಎರಡು ಬೆರಳಗಲದ ಸಂದಿಯಿಂದ ಹಾರಿದೆ. ಭಾನುವಾರ ಸಂಜೆಯಷ್ಟೇ ಕರಟದ ಒಳಮೈಗೆ ಮೊಟ್ಟೆ ಅಂಟಿಸಿ, ಅರಿಶಿನ ಬಳಿದಂತೆ ಹಳದಿಯಾಗಿ, ನನ್ನ ಕೈಯನ್ನೂ ಹತ್ತಿರ ಬಿಡದೆ ಕಾಯುತ್ತಿದ್ದಳು. ಟಾರ್ಚ್ ಬಿಟ್ಟು ನೋಡಿದೆ. ಸುಮಾರು ಅರವತ್ತು ಮೊಟ್ಟೆ, ಕೆಂಪು-ಕಂದು ಬಣ್ಣ, ನಾಲ್ಕೈದು ಮಾತ್ರ ಬೆಳ್ಳಗಾಗಿವೆ. ಗಂಡು ಸುತ್ತಮುತ್ತ ಸುಳಿಯುತ್ತಿದೆ, ಒಳಗೆ ಹೋಗುತ್ತಿಲ್ಲ. ಜೊತೆಗೆ ಎಂಟು ಟೆಟ್ರಾ ಮೀನುಗಳಿವೆ. ನೀರು 26 ಡಿಗ್ರಿ. ಗಂಡಿಗೇ ಬಿಡಲೇ, ಕರಟ ತೆಗೆಯಲೇ? ಹೀಟರ್ ಏರಿಸಿದರೆ ಬೇಗ ಮರಿಯಾಗುತ್ತವೆಯೇ? ಅವಳು ಮೊದಲ ಸಲ ಇಟ್ಟ ಮೊಟ್ಟೆಗಳು ಇವು. ಹೇಗಾದರೂ ಉಳಿಸಿಕೊಳ್ಳಬೇಕು.

ಉತ್ತರ 1

ಗಂಡಿಗೇ ಬಿಟ್ಟು ನೋಡಿ. ನನ್ನ ರಾಮ್ ಮೀನುಗಳ (ಇವೂ ಸಣ್ಣ ಅಕ್ವೇರಿಯಂ ಮೀನುಗಳೇ) ಜೋಡಿಯಲ್ಲಿ ಹೆಣ್ಣು ಸತ್ತಾಗ ಮರಿಗಳು ಈಜುವವರೆಗೂ ಗಂಡೇ ಸಾಕಿತು.

ಉತ್ತರ 2

ರಾಮ್ ವಿಷಯ ಬೇರೆ. ಅವು ಬಯಲು ಕಲ್ಲಿನ ಮೇಲೆ ಮೊಟ್ಟೆಯಿಟ್ಟು ಗಂಡು ಹೆಣ್ಣು ಎರಡೂ ಕಾಯುತ್ತವೆ. ಕಕಟುವಾಯ್ಡಿಸ್‌ನಲ್ಲಿ ಮೊಟ್ಟೆಯ ಆರೈಕೆ ಹೆಣ್ಣಿನದು, ಗಂಡು ಸರಹದ್ದು ನೋಡಿಕೊಳ್ಳುತ್ತದೆ. ಅಪರೂಪಕ್ಕೆ ಗಂಡು ಒಳಹೊಕ್ಕು ಕಾಯುವುದುಂಟು. ಆದರೆ ಟೆಟ್ರಾಗಳಿರುವ ಟ್ಯಾಂಕಿನಲ್ಲಿ ಅದನ್ನು ನಂಬಿ ಕೂರಬೇಡಿ. ಇವತ್ತೇ ತೆಗೆಯಿರಿ.

ಮೂರ್ನಾಲ್ಕು ಲೀಟರಿನ ಡಬ್ಬಿಯನ್ನು ಟ್ಯಾಂಕಿನಲ್ಲಿ ಮುಳುಗಿಸಿ, ನೀರಿನಡಿಯಲ್ಲೇ ಕರಟವನ್ನು ಅದರೊಳಕ್ಕೆ ಸರಿಸಿ. ಮೊಟ್ಟೆ ಗಾಳಿಗೆ ಬರದಿರಲಿ. ಡಬ್ಬಿಯನ್ನು ಟ್ಯಾಂಕಿನ ಅಂಚಿಗೇ ಸಿಕ್ಕಿಸಿ ಮುಕ್ಕಾಲು ಮುಳುಗಿಸಿಟ್ಟರೆ ಬಿಸಿ ತಾನಾಗಿ ಒಂದೇ ಸಮ ಇರುತ್ತದೆ.

ತಾಯಿ ಮಾಡುತ್ತಿದ್ದದ್ದು ಎರಡು ಕೆಲಸ. ರೆಕ್ಕೆ ಬೀಸಿ ನೀರಾಡಿಸುತ್ತಿದ್ದಳು, ಕೆಟ್ಟ ಮೊಟ್ಟೆಯನ್ನು ಬಾಯಿಂದ ಕಿತ್ತು ತೆಗೆಯುತ್ತಿದ್ದಳು. ಇನ್ನು ಅವೆರಡೂ ನಿಮ್ಮವು. ಕರಟವನ್ನು ಸ್ವಲ್ಪ ಓರೆಯಾಗಿಟ್ಟು, ಅದರ ಬಾಯಿಯ ಪಕ್ಕ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಇಡಿ. ಗುಳ್ಳೆ ಮೊಟ್ಟೆಗೆ ಬಡಿಯಬಾರದು, ನೀರು ಮಾತ್ರ ಹರಿದು ಹೋಗಬೇಕು. ಬೆಳ್ಳಗಾದವನ್ನು ದಿನಕ್ಕೆರಡು ಸಲ ಡ್ರಾಪರಿನಿಂದ ಹೀರಿ ತೆಗೆಯಿರಿ. ಬಿಟ್ಟರೆ ಬೂಷ್ಟು ಪಕ್ಕದವಕ್ಕೂ ಹಬ್ಬುತ್ತದೆ. ಡಬ್ಬಿಯ ನೀರು ತಿಳಿನೀಲಿಯಾಗುವಷ್ಟು ಮೆಥಿಲೀನ್ ಬ್ಲೂ (ಬೂಷ್ಟು ತಡೆಯುವ ನೀಲಿ ಔಷಧ) ಹಾಕಿ, ಬೆಳಕು ಕಡಿಮೆ ಇಡಿ. ಆದರೆ ಡಬ್ಬಿಗೂ ಟ್ಯಾಂಕಿಗೂ ನೀರು ಓಡಾಡುವಂತಿದ್ದರೆ ಅದನ್ನು ಹಾಕಲೇಬೇಡಿ, ಫಿಲ್ಟರಿನಲ್ಲಿ ನೀರು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಸಾಯುತ್ತವೆ.

ನಿಮ್ಮ ಲೆಕ್ಕದಲ್ಲಿ ನಾಳೆ ಸಂಜೆಯಿಂದ ಗುರುವಾರದೊಳಗೆ ಒಡೆಯಬೇಕು. ಮರಿಗಳು ತಳದಲ್ಲಿ ಗುಂಪಾಗಿ ಬಾಲ ಅಲ್ಲಾಡಿಸುತ್ತ ಬಿದ್ದಿರುತ್ತವೆ. ಆಗ ದಯವಿಟ್ಟು ಏನೂ ತಿನ್ನಿಸಬೇಡಿ. ಹೊಟ್ಟೆಯ ಹಳದಿ ಚೀಲದಲ್ಲಿ ಇನ್ನೂ ನಾಲ್ಕೈದು ದಿನದ ಊಟ ಇರುತ್ತದೆ. ನಾನು ಮೊದಲ ಸಲ, ಪಾಪ ಹಸಿದಿವೆ ಎಂದುಕೊಂಡು ಬೇಯಿಸಿದ ಮೊಟ್ಟೆಯ ಹಳದಿ ಕದಡಿ ಹಾಕಿದೆ. ರಾತ್ರಿಯೊಳಗೆ ನೀರು ಕೆಟ್ಟು ಒಂದೂ ಉಳಿಯಲಿಲ್ಲ. ಇವತ್ತಿಗೂ ಆ ಡಬ್ಬಿ ಕಂಡರೆ ಸಂಕಟವಾಗುತ್ತದೆ. ನೀಲಿ ನೀರನ್ನು ಮಾತ್ರ ದಿನಕ್ಕಿಷ್ಟು ತೆಗೆದು ಟ್ಯಾಂಕಿನ ನೀರು ತುಂಬುತ್ತ ಬನ್ನಿ.

ಶನಿವಾರವೇ ಬ್ರೈನ್ ಶ್ರಿಂಪ್ (ಮರಿಗಳಿಗೆ ತಿನ್ನಿಸುವ ಉಪ್ಪುನೀರಿನ ಅತಿ ಸಣ್ಣ ಜೀವಿ) ಮೊಟ್ಟೆ ನೆನೆಹಾಕಿ. ಲೀಟರಿಗೆ ಸುಮಾರು 25 ಗ್ರಾಂ ಉಪ್ಪು, ಚೆನ್ನಾಗಿ ಗಾಳಿ, 24ರಿಂದ 36 ಗಂಟೆ. ಮರಿಗಳು ತಳ ಬಿಟ್ಟು ಅಡ್ಡಡ್ಡ ಈಜಲು ಶುರು ಮಾಡಿದ ದಿನದಿಂದ, ಆಗಷ್ಟೇ ಒಡೆದ ಶ್ರಿಂಪನ್ನು ಸಿಹಿನೀರಲ್ಲಿ ತೊಳೆದು, ದಿನಕ್ಕೆ ಮೂರ್ನಾಲ್ಕು ಸಲ ಚೂರುಚೂರೇ ಕೊಡಿ.

ಉತ್ತರ 3

ಹೀಟರ್ ಮುಟ್ಟಬೇಡಿ. ಅಪಿಸ್ಟೋಗ್ರಾಮಾಗಳಲ್ಲಿ ಮೊದಲ ಕೆಲವು ವಾರಗಳ ಬಿಸಿಯೇ ಗಂಡು-ಹೆಣ್ಣಿನ ಲೆಕ್ಕ ಬದಲಿಸುತ್ತದೆ. ಸಂಶೋಧಕರಾದ ರೋಮರ್ ಮತ್ತು ಬೈಸೆನ್‌ಹೆರ್ಟ್ಸ್ 1996ರಲ್ಲೇ ಹಲವು ಜಾತಿಗಳಲ್ಲಿ ಇದನ್ನು ತೋರಿಸಿದ್ದಾರೆ. ಬಿಸಿ ಹೆಚ್ಚಿದಷ್ಟೂ ಗಂಡು ಹೆಚ್ಚು. ನಿಮಗೆ ಬೇಕಿರುವುದು ಅವಳ ಹೆಣ್ಣುಮಕ್ಕಳಲ್ಲವೇ? 26ರಲ್ಲೇ ಇರಲಿ.

ಪ್ರಶ್ನೆ ಕೇಳಿದವರು (ಗುರುವಾರ)

ಒಡೆದಿವೆ! ಬೆಳಗ್ಗೆ ಕರಟದಲ್ಲಿ ಖಾಲಿ ಸಿಪ್ಪೆ ಕಂಡು ಎದೆ ಧಸಕ್ಕೆಂದಿತು. ಆಮೇಲೆ ತಳದಲ್ಲಿ ಜೀರಿಗೆಗಿಂತ ಸಣ್ಣಗೆ ಮಿಡುಕುತ್ತಿರುವುದು ಕಾಣಿಸಿತು. ಬೆಳ್ಳಗಾಗಿ ಹೋದವು ಒಟ್ಟು ಹದಿನಾಲ್ಕು. ಗಾಳಿಗೆ ಮರಿಗಳು ಒಂದು ಮೂಲೆಗೆ ತಳ್ಳಿಕೊಂಡು ಹೋಗಿ ರಾಶಿಬಿದ್ದಿವೆ. ತೊಂದರೆಯೇ?

ಉತ್ತರ 2

ಗಾಳಿಯನ್ನು ಸೆಕೆಂಡಿಗೆ ಒಂದೆರಡು ಗುಳ್ಳೆಗೆ ಇಳಿಸಿ. ಒಟ್ಟಿಗೆ ಬಿದ್ದಿರುವುದು ಸಹಜ, ತಾಯಿಯೂ ಬಾಯಲ್ಲಿ ಎತ್ತಿಕೊಂಡು ಹೋಗಿ ಒಂದೇ ಗುಳಿಯಲ್ಲಿ ಉಗುಳುತ್ತಾಳೆ. ಸತ್ತದ್ದು ಕಂಡರೆ ಕೂಡಲೇ ತೆಗೆಯಿರಿ. ಬಾದಾಮಿ ಮರದ ಒಣಗಿದ ಎಲೆಯ ಒಂದು ಚೂರು ಹಾಕಿಡಿ, ಈಜಲು ಶುರುವಾದಾಗ ಅದರ ಮೇಲಿನ ಲೋಳೆಯನ್ನೂ ಕುಟುಕುತ್ತವೆ.

ಪ್ರಶ್ನೆ ಕೇಳಿದವರು (ಮುಂದಿನ ಬುಧವಾರ)

ಸೋಮವಾರ ಮಧ್ಯಾಹ್ನ ಮೊದಲ ಮೂರು ಮೇಲೆದ್ದವು, ನಿನ್ನೆ ಬೆಳಗ್ಗೆ ಎಲ್ಲವೂ. ಎಣಿಸಿದರೆ ಒಮ್ಮೆ 38, ಒಮ್ಮೆ 41. ಶ್ರಿಂಪ್ ಹಾಕಿದ ಹತ್ತು ನಿಮಿಷಕ್ಕೆ ಪ್ರತಿಯೊಂದರ ಹೊಟ್ಟೆಯೂ ಕಿತ್ತಳೆ ಚುಕ್ಕೆಯಾಗಿತ್ತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಇನ್ನು ಇವುಗಳಿಗೆ ಸ್ಪಾಂಜ್ ಫಿಲ್ಟರ್ ಇರುವ ಬೇರೆ ಟ್ಯಾಂಕ್ ಸಿದ್ಧ ಮಾಡಬೇಕು. ಗಂಡು ಇನ್ನೂ ಕರಟವಿದ್ದ ಜಾಗದಲ್ಲೇ ಮಲಗುತ್ತದೆ. ಪೈಪಿನ ಸಂದಿಗೆ ಸ್ಪಾಂಜ್ ತುರುಕಿದ್ದೇನೆ.